ಬಾಯಾರ ನೀಲಿ ಕೈ

ನಮ್ಮ ಕಡೆ ಹೆಣ್ಣು ಡಾಕ್ಟರಿಗೆ ‘ಬಾಯಾರು’ ಅನ್ನುತ್ತಾರೆ. ದಿನವಿಡೀ ಜನರ ಬಾಯಿಯೊಳಗೇ ಕೆಲಸ ಮಾಡುವ ಹಲ್ಲಿನ ಡಾಕ್ಟರಿಗೆ ಈ ಹೆಸರು ಎರಡು ರೀತಿಯಿಂದ ಒಪ್ಪುತ್ತದೆ ಎಂದು ಹೇಳಿಕೊಂಡು ಅವರೇ ನಗುತ್ತಿದ್ದರು. ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬೋರ್ಡಿನ ಮೇಲೆ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದನೆಂದು ಪೇಂಟರನೊಡನೆ ಜಗಳ ತೆಗೆದು, ಅಳಿಸಿ ಸಣ್ಣದಾಗಿ ಬರೆಸಿದವರು ಅವರು.

ಹೋದ ತಿಂಗಳು ತೀರಿಕೊಂಡರು. ಪೇಪರಿನಲ್ಲಿ ಹಾಕಿದ್ದ ಫೋಟೋದಲ್ಲಿ ತುಟಿ ಬಿಗಿದುಕೊಂಡು ಗಂಭೀರವಾಗಿ ಕೂತಿದ್ದರು. ಅವರನ್ನು ಹಾಗೆ ನಾನು ನೋಡಿದ್ದು ಒಂದೇ ಸಲ. ಆ ಸಂಗತಿಯನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಅದಕ್ಕೂ ಮೊದಲು ಅವರು ಎಂಥವರಾಗಿದ್ದರು ಎಂದು ಸ್ವಲ್ಪ ಹೇಳದಿದ್ದರೆ ಅದು ಅರ್ಥವಾಗುವುದಿಲ್ಲ.

ಅವರ ದವಾಖಾನೆ ಇದ್ದದ್ದು ಕೇಶ್ವಾಪುರದಲ್ಲಿ, ಒಂದು ಸೀರೆ ಅಂಗಡಿಯ ಮೇಲೆ. ಮೆಟ್ಟಿಲು ಎಷ್ಟು ಕಡಿದಾಗಿದ್ದವೆಂದರೆ ಹಲ್ಲುನೋವಿನವರು ಮೇಲೆ ಬರುವ ಹೊತ್ತಿಗೆ ಮೊಣಕಾಲಿನ ದೂರು ಹೇಳುತ್ತಿದ್ದರು. ಓದು ಮುಗಿಸಿದ ಹೊಸತರಲ್ಲಿ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಧಾರವಾಡದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ನಾನು ಬರುವ ಹೊತ್ತಿಗೆ ಬಾಯಾರು ಬಳೆಗಳನ್ನು ಬಿಚ್ಚಿ ಗೋಡೆಯ ಮೊಳೆಗೆ ಸಿಕ್ಕಿಸಿ, ಮೊಣಕೈಯವರೆಗೆ ಸೋಪು ಹಚ್ಚಿ ತೊಳೆದುಕೊಳ್ಳುತ್ತಿರುತ್ತಿದ್ದರು. ಒಳಗೆ ಇನ್ನೊಬ್ಬಳು ಶಾಂತವ್ವ. ಉಪಕರಣಗಳನ್ನು ತೊಳೆದು ಕುದಿಸಿ ಇಡುವುದು ಅವಳ ಕೆಲಸ. ಅದರ ಜೊತೆ ಬಾಯಾರಿಗೆ ಚಹಾ ಕುಡಿಯಲು ನೆನಪು ಮಾಡುವುದೂ.

ಬಾಯಾರು ಪೇಶಂಟಿನ ಬಾಯಿ ನೋಡುವುದಕ್ಕಿಂತ ಹೆಚ್ಚಾಗಿ ಮುಟ್ಟುತ್ತಿದ್ದರು. ಒಸಡಿನ ಮೇಲೆ ಬೆರಳಾಡಿಸುತ್ತ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು. ‘ಇಲ್ಲೇ ಒಂದೀಟು ಬಾವು ಅದ, ಹೌದಲ್ಲೋ?’ ಎಂದು ಅವರು ಕೇಳಿದರೆ, ಬಾಯಿ ತೆರೆದುಕೊಂಡೇ ಪೇಶಂಟು ‘ಹ್ಞಾ ಹ್ಞಾ’ ಎನ್ನಬೇಕು.

“ನನಗ ಕಣ್ಣಿಗಿಂತ ಬೆರಳಿನ ಮ್ಯಾಲ ಭರೋಸೆ ಜಾಸ್ತಿ,” ಅನ್ನುತ್ತಿದ್ದರು. “ನಾ ಕಲಿಯೂ ಮುಂದ ಎಷ್ಟೋ ಮಂದಿ ಬರೇ ಕೈಲೇ ಕೆಲಸ ಮಾಡತಿದ್ರು. ಈಗ ಹೇಳಿದ್ರ ನಿಮಗೆಲ್ಲ ಹೇಸಿಕಿ ಬರತದ. ನನಗೂ ಬರತದ. ಆದ್ರ ಆವಾಗ ಹಲ್ಲು ಮುಟ್ಟಿದ್ರ ಹಲ್ಲು ಮುಟ್ಟಿದಂಗ ಇರತಿತ್ತು.”

ಹೀಗಾಗಿ ಕೈಗವಸಿನ ವಿಷಯದಲ್ಲಿ ಅವರದು ಬಲು ಹಟ. ತೆಳ್ಳಗೆ, ಚರ್ಮಕ್ಕೆ ಅಂಟಿಕೊಂಡಂತೆ ಕೂಡುವ ಲೇಟೆಕ್ಸ್, ಅಂದರೆ ಮರದ ಹಾಲಿನಿಂದ ಮಾಡಿದ ರಬ್ಬರಿನ ಗ್ಲೌಸು, ಅದೊಂದೇ ಅವರಿಗೆ ಒಪ್ಪಿಗೆ. ಅದರೊಳಗೆ ಸಲೀಸಾಗಿ ಕೈ ಹೋಗಲೆಂದು ಪುಡಿ ಹಾಕಿರುತ್ತಿದ್ದರು. ಮಧ್ಯಾಹ್ನ ಗ್ಲೌಸು ಕಳಚಿದರೆ ಕೈ ಬೆಳ್ಳಗೆ. ‘ರೊಟ್ಟಿ ಬಡದು ಎದ್ದಂಗ ಆಗೇದ ನೋಡು’ ಎಂದು ಕೈ ಕೊಡವುತ್ತಿದ್ದರು. ಆ ಪುಡಿ ಕಿಟಕಿಯ ಬಿಸಿಲಿನಲ್ಲಿ ತೇಲುತ್ತ ಹೋಗಿ ಕುರ್ಚಿಯ ಮೇಲೆ, ಶಾಂತವ್ವನ ತುರುಬಿನ ಮೇಲೆ ಕೂಡುತ್ತಿತ್ತು.

ಪ್ಲಾಸ್ಟಿಕ್ಕಿನ ವಿನೈಲ್ ಗ್ಲೌಸನ್ನು ಕಂಡರೆ ಅವರಿಗೆ ನಗು. “ಇದೇನು ಗ್ಲೌಸೇನವಾ? ಮಿಠಾಯಿ ಅಂಗಡಿ ಕ್ಯಾರಿಬ್ಯಾಗ್ ಇದ್ದಂಗ ಅದ. ಇದನ್ನ ಹಾಕ್ಕೊಂಡ್ರ ಹಲ್ಲು ಯಾವುದು, ತುಟಿ ಯಾವುದು ತಿಳಿಯಂಗಿಲ್ಲ.” ಆದರೂ ಅದರದೊಂದು ಡಬ್ಬಿ ಮೇಜಿನ ಕೆಳಗೆ ಇರುತ್ತಿತ್ತು. ಯಾಕೆಂದು ನನಗೆ ಗೊತ್ತಾದದ್ದು ಸೇರಿದ ಹೊಸದರಲ್ಲಿ, ಒಬ್ಬ ಹಿರಿಯರಿಗೆ ಹಲ್ಲಿನ ಅಳತೆ ತೆಗೆಯುವ ದಿನ. ಅಳತೆಗೆ ಕಣಕದ ಹಾಗೆ ನಾದುವ ಒಂದು ಪುಟ್ಟಿ ಬರುತ್ತದೆ. ಎರಡು ಬಣ್ಣದ ಉಂಡೆ ಕೂಡಿಸಿ ನಾದಿದರೆ ಬಾಯಿಯೊಳಗೆ ಗಟ್ಟಿಯಾಗಬೇಕು. ನಾನು ನಾದಿಕೊಟ್ಟದ್ದು ಎಷ್ಟು ಹೊತ್ತಾದರೂ ಗಟ್ಟಿಯಾಗಲೇ ಇಲ್ಲ. ಹಿರಿಯರು ಬಾಯಿ ತೆರೆದುಕೊಂಡು ಛಾವಣಿ ನೋಡುತ್ತಿದ್ದರು.

ಬಾಯಾರು ಬಯ್ಯಲಿಲ್ಲ. ಹಿರಿಯರ ಬಾಯಿ ತೊಳೆಸಿ, “ನೀವೂ ನೋಡ್ರಿ, ಮಜಾ ಅದ,” ಎಂದು ಅವರನ್ನೇ ಸಾಕ್ಷಿಗೆ ಕೂಡಿಸಿಕೊಂಡರು. ಎರಡೂ ಬಣ್ಣ ಕೂಡಿಸಿದ ಒಂದು ಉಂಡೆಯನ್ನು ನಾನು ಲೇಟೆಕ್ಸ್ ಹಾಕಿದ ಕೈಯಿಂದ ನಾದಿದೆ, ಇನ್ನೊಂದನ್ನು ಅವರು ವಿನೈಲ್ ಹಾಕಿ ನಾದಿದರು. ಅವರದು ಕಲ್ಲಿನಂತಾಯಿತು. ನನ್ನದು ಅಂಟಂಟಾಗಿಯೇ ಉಳಿಯಿತು. “ರಬ್ಬರಿನ್ಯಾಗ ಗಂಧಕ ಇರತದ. ಅದು ಈ ಪುಟ್ಟಿಗಿ ಗಟ್ಟಿ ಆಗಗೊಡಂಗಿಲ್ಲ. ಕ್ಯಾರಿಬ್ಯಾಗಿಗೂ ಒಂದು ಕೆಲಸ ಅದ ನೋಡು,” ಎಂದರು. ಹಿರಿಯರಿಗೆ ಇದು ಎಷ್ಟು ಹಿಡಿಸಿತೆಂದರೆ, ಮುಂದಿನ ಸಲ ಬಂದಾಗ ನನ್ನ ಕೈ ನೋಡಿ, “ಇವತ್ತು ಯಾವ ಗ್ಲೌಸ್ ಹಾಕ್ಕೊಂಡಿಯವಾ?” ಎಂದೇ ಮಾತು ಶುರು ಮಾಡಿದರು.

ಒಮ್ಮೆ ಮಾರಾಟದವನೊಬ್ಬ ನೈಟ್ರೈಲ್ ಎಂಬ ನೀಲಿ ಗ್ಲೌಸು ತಂದು ತೋರಿಸಿದ. ಅದೂ ರಬ್ಬರಿನಂತೆಯೇ ಕಾಣುತ್ತದೆ, ಆದರೆ ಮರದ ಹಾಲಿನದಲ್ಲ, ಕಾರ್ಖಾನೆಯಲ್ಲಿ ಬೇರೆ ರಸಾಯನದಿಂದ ಮಾಡಿದ್ದು. ಬಾಯಾರು ಹಾಕಿಕೊಂಡು ಬೆರಳು ಮಡಚಿ, ಬಿಚ್ಚಿ, ಕಳಚಿ ಇಟ್ಟರು. “ಬಾಳ ಬಿಗಿ ಅದ. ಸಂಜಿತನಾ ಹಾಕ್ಕೊಂಡ್ರ ಬೆರಳು ಸೋತು ಹೋಗತಾವ. ಅದೂ ಅಲ್ದ, ಪೇಂಟ್ ಡಬ್ಬಿಯೊಳಗ ಕೈ ಅದ್ದಿಕೊಂಡು ಬಂದಂಗ ಕಾಣತದ. ಮಂದಿ ಹೆದರತಾರಪಾ.” ಅಲ್ಲಿಗೆ ಆ ಮಾತು ಮುಗಿಯಿತು.

ಅದಾದ ಮೇಲೆ, ಒಂದು ಬೇಸಿಗೆಯಲ್ಲಿ, ಗಂಗವ್ವ ಬಂದಳು.

ಸುಳ್ಳ ಎಂಬ ಹಳ್ಳಿಯ ಹೆಣ್ಣುಮಗಳು, ಮದುವೆಯಾಗಿ ವರ್ಷವಾಗಿರಬೇಕು. ಜೊತೆಗೆ ಗಂಡ ಬಸಪ್ಪ. ಮನೆಯಲ್ಲಿ ಹೊಲವಿದ್ದರೂ ಗಂಗವ್ವ ತಾರಿಹಾಳದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಯಂತ್ರದ ಬಿಡಿಭಾಗ ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಕೆಳಗಿನ ದವಡೆಯ ಹಲ್ಲು ಹುಳುಕಾಗಿ ಊಟ ಮಾಡುವುದೇ ಕಷ್ಟವಾಗಿತ್ತು. ಬಾಯಾರು ಎಂದಿನಂತೆ ಕೆನ್ನೆಯನ್ನು ಬೆರಳಿನಿಂದ ಹೊರಕ್ಕೆಳೆದು ಹಿಡಿದು, ಕಣ್ಣು ಮುಚ್ಚಿ, ಒಸಡು ಮುಟ್ಟಿ ನೋಡಿದರು. ಮರಗಟ್ಟಿಸುವ ಸೂಜಿ ಕೊಟ್ಟರು. ಹಲ್ಲು ಕೊರೆಯಲು ಶುರು ಮಾಡಿದ್ದರಷ್ಟೆ. ಗಂಗವ್ವ ಕೈ ಎತ್ತಿದಳು.

“ನೋಯಸಾಕತ್ತದೇನು?”

ಇಲ್ಲವೆಂದು ತಲೆ ಅಲ್ಲಾಡಿಸಿದಳು. ಕೆಮ್ಮು ಬಂತು. ತುಟಿಯ ಒಂದು ಮಗ್ಗುಲು ನಮ್ಮ ಕಣ್ಣೆದುರೇ ಉಬ್ಬುತ್ತ ಹೋಯಿತು. ಕುತ್ತಿಗೆಯ ಮೇಲೆ ಕೆಂಪು ದದ್ದುಗಳೆದ್ದವು. ಉಸಿರು ಎಳೆದುಕೊಳ್ಳುವಾಗ ಸುಂಯ್ ಎಂಬ ಸದ್ದು ಬರತೊಡಗಿತು.

ಬಾಯಾರು ಕೈ ಹೊರಗೆಳೆದು ಗ್ಲೌಸು ಕಿತ್ತೊಗೆದರು. “ಆಕ್ಸಿಜನ್ ಹಚ್ಚು,” ಎಂದು ನನಗೆ ಹೇಳಿ, ತುರ್ತಿನ ಡಬ್ಬಿಯಿಂದ ಅಡ್ರಿನಾಲಿನ್ ತೆಗೆದು, ಸೀರೆಯ ಮೇಲಿಂದಲೇ ಅವಳ ತೊಡೆಗೆ ಚುಚ್ಚಿದರು. ಅವರ ದನಿ ಏರಲಿಲ್ಲ. “ಗಂಗವ್ವಾ, ನನ್ನ ಕಡೆ ನೋಡು. ಮೂಗಿಲೆ ಉಸಿರು ತೊಗೋ. ನಾ ಇಲ್ಲೇ ಇದ್ದೇನಿ,” ಎನ್ನುತ್ತಲೇ ಇದ್ದರು. ಬಸಪ್ಪ ಬಾಗಿಲಲ್ಲಿ ನಿಂತು, “ಏನಾತ್ರೀ? ಬಾಯಾರ, ಏನ್ ಮಾಡಿದ್ರೀ ನನ್ನ ಹೇಣ್ತಿಗೆ?” ಎಂದು ಕೂಗುತ್ತಿದ್ದ. ಶಾಂತವ್ವ ಕೆಳಗೋಡಿ ಸೀರೆ ಅಂಗಡಿಯವರ ಕಾರು ನಿಲ್ಲಿಸಿದಳು. ಆ ಕಡಿದಾದ ಮೆಟ್ಟಿಲುಗಳಲ್ಲಿ ಗಂಗವ್ವನನ್ನು ಪೇಶಂಟುಗಳು ಕಾಯುವ ಕುರ್ಚಿಯೊಂದರಲ್ಲಿ ಕೂಡಿಸಿ ಇಳಿಸಿದೆವು. ಬಾಯಾರು ಕಾರಿನಲ್ಲಿ ಅವಳ ಪಕ್ಕದಲ್ಲೇ ಕೂತು ಆಸ್ಪತ್ರೆಗೆ ಹೋದರು.

ಸಂಜೆಗೆ ಅವಳ ಉಸಿರು ಸರಿಯಾಯಿತು. ಆಸ್ಪತ್ರೆಯ ಡಾಕ್ಟರು, ‘ಮರಗಟ್ಟಿಸುವ ಸೂಜಿ ಒಗ್ಗಿಲ್ಲ, ಒಬ್ಬೊಬ್ಬರಿಗೆ ಹಾಗಾಗುತ್ತದೆ’ ಎಂದರು. ಬಸಪ್ಪ ಒಪ್ಪಿದ. ಸೂಜಿ ಒಗ್ಗದಿದ್ದರೆ ಅದು ದೇವರ ಆಟ, ಯಾರದೂ ತಪ್ಪಲ್ಲ.

ಮರುದಿನ ಬಾಯಾರು ದವಾಖಾನೆಗೆ ಬಂದಾಗ ಪೇಪರಿನ ಆ ಫೋಟೋದ ಮುಖವಿತ್ತು. ಬಳೆ ಬಿಚ್ಚಲಿಲ್ಲ. ಗಂಗವ್ವ ಮಲಗಿದ್ದ ಕುರ್ಚಿಯ ಪಕ್ಕ ಕೂತರು.

“ಸೂಜಿ ಅಲ್ಲದು,” ಎಂದರು. “ನಾ ಸೂಜಿ ಚುಚ್ಚೂಕಿಂತ ಮೊದಲ ಆಕಿ ಗಲ್ಲದ ಮ್ಯಾಲ ಕೆಂಪಗ ಆಗಿತ್ತು. ನಾ ಹಿಡಕೊಂಡಿದ್ದೆನಲ್ಲಾ, ಅಲ್ಲೇ. ನನ್ನ ಬೆರಳು ಮೂಡಿದ್ವು. ನೋಡಿದ್ದೆ. ಸೆಕಿಗೆ ಇರಬೇಕಂತ ಬಿಟ್ಟೆ.”

ಗಂಗವ್ವ ಇನ್ನೂ ಆಸ್ಪತ್ರೆಯಲ್ಲಿದ್ದಳು. ಬಾಯಾರು ನನ್ನನ್ನೂ ಕರೆದುಕೊಂಡು ಹೋಗಿ ಅವಳ ಹಾಸಿಗೆಯ ಅಂಚಿನಲ್ಲಿ ಕೂತು, ಯಾವ ಅವಸರವೂ ಇಲ್ಲದೆ, ಬೀಗತಿಯ ಹಾಗೆ ಮಾತಾಡಿಸಿದರು. ವರ್ಕ್‌ಶಾಪಿನಲ್ಲಿ ಕೈಗೆ ಏನು ಹಾಕಿಕೊಳ್ಳುತ್ತೀ? ರಬ್ಬರಿನ ಗ್ಲೌಸು. ಕೈ ತುರಿಸುತ್ತದೆಯೇ? ತುರಿಸುತ್ತದೆ, ಸೋಪಿನ ಪುಡಿಯಿಂದ ಅಂದುಕೊಂಡಿದ್ದಳು. ಎಂದಾದರೂ ತುಟಿ ಊದಿತ್ತೇ?

“ಊದಿತ್ರಿ. ನಮ್ಮ ಅಕ್ಕನ ಮಗನ ಬರ್ತಡೇಕ ರಬ್ಬರ್ ಫುಗ್ಗಾ ಊದಿದ್ದೆ. ಎಲ್ಲಾರೂ ಭಾಳ ನಕ್ಕಿದ್ರು, ಫುಗ್ಗಾಕಿಂತ ತುಟಿನ ದೊಡ್ಡದಾಗೇತಿ ಅಂತ.”

“ಬಾಳೆಹಣ್ಣು ತಿಂದ್ರ?”

ಗಂಗವ್ವ ಅಚ್ಚರಿಯಿಂದ ನೋಡಿದಳು. “ಗಂಟಲಾ ಕೆರೀತೇತ್ರಿ. ನಿಮಗ ಹೆಂಗ ಗೊತ್ತಾತು?”

ಬಾಳೆಹಣ್ಣಿಗೂ ಆ ಮರದ ರಬ್ಬರಿಗೂ ದೂರದ ಬಳಗವಿದೆ, ಒಂದು ಒಗ್ಗದವರಿಗೆ ಎಷ್ಟೋ ಸಲ ಇನ್ನೊಂದೂ ಒಗ್ಗುವುದಿಲ್ಲ. ಇದೆಲ್ಲ ನಾವು ಓದಿದ್ದೇ. ಪರೀಕ್ಷೆಗೆ ಓದಿದ್ದು ಹಾಸಿಗೆಯ ಮೇಲೆ ಕೂತು ಹೀಗೆ ಮಾತಾಡುತ್ತದೆ ಎಂದು ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ. ಬಾಯಾರು ಅಲರ್ಜಿ ನೋಡುವ ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿದರು. ಅವರ ಅನುಮಾನ ನಿಜವಾಗಿತ್ತು. ಗಂಗವ್ವನಿಗೆ ಒಗ್ಗದಿದ್ದದ್ದು ಸೂಜಿಯಲ್ಲ, ಬಾಯಾರ ಕೈ ಮೇಲಿನ ರಬ್ಬರು.

“ಇದನ್ನ ಬಸಪ್ಪಗ ಹೇಳತೀರೇನ್ರಿ?” ಎಂದು ಕೇಳಿದೆ. ಅವನ ಸಿಟ್ಟು ಈಗಷ್ಟೇ ಇಳಿದಿತ್ತು.

“ಹೇಳಲಿಲ್ಲಂದ್ರ ಆಕಿ ಜೀವನಪೂರ್ತಿ ಸೂಜಿಗೆ ಹೆದರಕೋತ ಇರತಾಳ, ರಬ್ಬರಿಗೆ ಹೆದರೂದಿಲ್ಲ. ನಾಳೆ ಹೆರಿಗಿಗೆ ಹೋಗತಾಳ. ಅಲ್ಲೂ ಎಲ್ಲಾರ ಕೈಗೂ ಇದ ಇರತದ.”

ಬಸಪ್ಪನನ್ನು ಎದುರಿಗೆ ಕೂಡಿಸಿಕೊಂಡು ಎಲ್ಲ ಹೇಳಿದರು. “ಹಂಗಾರ ತಪ್ಪು ನಿಮ್ಮದ ಆತಲ್ರಿ,” ಎಂದ ಅವನು.

“ಹೌದಪಾ. ಕೈ ಹಾಕೂ ಮೊದಲ ಇದನ್ನೆಲ್ಲಾ ಕೇಳಬೇಕಾಗಿತ್ತು. ಕೇಳಲಿಲ್ಲ.”

ಅವನು ಎದ್ದು ಹೋದ. ಹೇಳಿದ್ದರ ಫಲ ನಮಗೆ ಬೇಗನೆ ಗೊತ್ತಾಯಿತು. ಸುಳ್ಳದ ಕಡೆಯಿಂದ ಪೇಶಂಟುಗಳು ಬರುವುದೇ ನಿಂತುಹೋಯಿತು. ‘ಆ ಬಾಯಾರು ಮುಟ್ಟಿದ್ರ ಮೈ ಊದತೇತಂತ’ ಎಂಬ ಮಾತು ಬಸ್ಸಿನಲ್ಲಿ ಶಾಂತವ್ವನ ಕಿವಿಗೂ ಬಿತ್ತು. ಅವಳು ಅದನ್ನು ಬಾಯಾರ ಮುಂದೆ ಹೇಳಿ ಅತ್ತಳು. ಬಾಯಾರಿಗೆ ಆ ಮಾತಿಗಿಂತ ಅರ್ಧ ಕೊರೆದು ಬಿಟ್ಟ ಹಲ್ಲಿನ ಚಿಂತೆ. “ಆ ಹಲ್ಲು ಹಂಗ ಉಳದದಲ್ಲ. ಹೆಂಗ ಉಣತಾಳೋ ಏನೋ,” ಎಂದು ಕೆಲಸದ ನಡುವೆ ಇದ್ದಕ್ಕಿದ್ದಂತೆ ಅನ್ನುತ್ತಿದ್ದರು.

ಆ ವಾರವೇ ದವಾಖಾನೆ ಬಾಗಿಲು ಹಾಕಿ ತೊಳೆಸಲು ಶುರು ಮಾಡಿದರು. ಲೇಟೆಕ್ಸನ್ನು ಗಂಗವ್ವನೊಬ್ಬಳಿಗೆ ಬಳಸದೆ ಉಳಿದವರಿಗೆ ಇಟ್ಟುಕೊಂಡರೆ ನಡೆಯುವುದಿಲ್ಲವೇ ಎಂದು ನಾನು ಕೇಳಿದರೆ, ಬಿಸಿಲಿನಲ್ಲಿ ತೇಲುತ್ತಿದ್ದ ಪುಡಿಯನ್ನು ತೋರಿಸಿದರು. ಆ ಪುಡಿ ರಬ್ಬರಿನ ಅಂಶವನ್ನು ಹೊತ್ತುಕೊಂಡು ಗಾಳಿಯಲ್ಲಿ ತಿರುಗುತ್ತದೆ. ರಬ್ಬರು ಒಗ್ಗದವರು ಅದನ್ನು ಉಸಿರಾಡಿದರೂ ಸಾಕು. ಪರದೆ ಒಗೆದೆವು. ಫ್ಯಾನು ಒರೆಸಿದೆವು. ಹಲ್ಲಿನ ಸುತ್ತ ಹಾಕುವ ರಬ್ಬರಿನ ಹಾಳೆಯನ್ನೂ ಬದಲಿಸಿದರು. ಲೇಟೆಕ್ಸಿನ ಡಬ್ಬಿಗಳೆಲ್ಲ ಹೋಗಿ ಶೆಲ್ಫಿನಲ್ಲಿ ನೀಲಿ ಡಬ್ಬಿಗಳು ಬಂದವು.

ಅವರಿಗೆ ನಿಜವಾದ ಕಷ್ಟ ಶುರುವಾದದ್ದು ಆಗ. ನೈಟ್ರೈಲ್ ಹಾಕಿಕೊಂಡರೆ ಅವರ ಬೆರಳಿಗೆ ಕಿವುಡು ಬಂದಂತಾಗುತ್ತಿತ್ತು. ಸಣ್ಣ ಉಪಕರಣ ಕೈಜಾರಿ ಬೀಳುತ್ತಿತ್ತು. ಕಣ್ಣು ಮುಚ್ಚಿ ಒಸಡು ಮುಟ್ಟಿ, ಏನೂ ತಿಳಿಯದೆ, ಮತ್ತೆ ಕಣ್ಣು ತೆರೆದು ಬಗ್ಗಿ ನೋಡುತ್ತಿದ್ದರು. ಆ ವಯಸ್ಸಿನಲ್ಲಿ, ಅಷ್ಟು ಹೆಸರು ಮಾಡಿದ ಮೇಲೆ, ಹೊಸದಾಗಿ ಕಲಿಯುವವರ ಹಾಗೆ ತಡವರಿಸುವುದನ್ನು ನೋಡಲು ನನಗೆ ಕಷ್ಟವಾಗುತ್ತಿತ್ತು. ಸಂಜೆ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿ ಕೂಡುತ್ತಿದ್ದರು. ಗ್ಲೌಸಿನ ಅಳತೆ ಬದಲಿಸಿ ನೋಡಿದರು, ಕಂಪನಿ ಬದಲಿಸಿ ನೋಡಿದರು. ಒಂದು ಬಗೆಯದು ಬೆರಳ ತುದಿಯಲ್ಲಿ ಮಡಚುತ್ತದೆ, ಇನ್ನೊಂದು ಹೆಬ್ಬೆರಳಿನ ಬುಡ ಹಿಂಡುತ್ತದೆ.

ಒಂದು ಭಾನುವಾರ ಏನೋ ಕೆಲಸಕ್ಕೆ ಅವರ ಮನೆಗೆ ಹೋದೆ. ಬಾಯಾರು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದರು. ಎದುರಿಗೆ ಮೊರದಲ್ಲಿ ತೊಗರಿಬೇಳೆ. ಎರಡೂ ಕೈಗೆ ನೀಲಿ ಗ್ಲೌಸು. ಕಣ್ಣು ಮುಚ್ಚಿಕೊಂಡು ಬೇಳೆಯಲ್ಲಿ ಹರಳು ಹುಡುಕುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ.

“ನಗಬ್ಯಾಡ. ನಿನ್ನೆ ಸಾಸವಿ ಆರಿಸೀನಿ,” ಎಂದರು ಕಣ್ಣು ತೆರೆಯದೆ. “ರೊಟ್ಟಿ ಒಂದು ಬಡಿಯಾಕ ಹೋಗಿದ್ದೆ. ನಮ್ಮ ಮನಿಯವರು ಊಟಾ ಮಾಡಂಗಿಲ್ಲ ಅಂತ ಎದ್ದು ಹೋದ್ರು.” ಆಮೇಲೆ ಒಂದು ಹರಳು ಸಿಕ್ಕಿತು. ಅದನ್ನು ಎತ್ತಿ ಹಿಡಿದು, “ಹಾಂ. ಬಂತು ನೋಡು,” ಎಂದಾಗ ಅವರ ಮುಖ ನೋಡಬೇಕಿತ್ತು.

ಬೆರಳು ಪಳಗಿದ ಮೇಲೆ ನನ್ನನ್ನು ಕರೆದುಕೊಂಡು ಸುಳ್ಳಕ್ಕೆ ಹೊರಟರು. ಬಸಪ್ಪನ ಮನೆಯಲ್ಲಿ ನೀರು ಕೊಟ್ಟರು, ಕೂಡ್ರಿ ಎಂದರು, ಆದರೆ ಯಾರ ಮುಖವೂ ಅರಳಿರಲಿಲ್ಲ. ಗಂಗವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು, ಕೆನ್ನೆಗೆ ಸೆರಗು ಒತ್ತಿ ಹಿಡಿದು. ಹಲ್ಲು ಇನ್ನೂ ನೋಯುತ್ತಿತ್ತು. ಬೇರೆ ಯಾವ ಡಾಕ್ಟರ ಹತ್ತಿರವೂ ಹೋಗಲು ಹೆದರಿ, ಲವಂಗ ಒತ್ತಿಕೊಂಡು ಕೂತಿದ್ದಳು.

ಬಾಯಾರು ಚೀಲದಿಂದ ನೀಲಿ ಗ್ಲೌಸು ತೆಗೆದು ಕೂತಿದ್ದ ಚಾಪೆಯ ಮೇಲಿಟ್ಟರು. “ಈಗ ನಮ್ಮ ದವಾಖಾನ್ಯಾಗ ಆ ರಬ್ಬರ್ ಒಂದೂ ಇಲ್ಲವಾ. ಇದು ಬ್ಯಾರೆ.”

“ಇದೂ ರಬ್ಬರಿನಂಗ ಕಾಣತೇತಲ್ರಿ,” ಎಂದ ಬಸಪ್ಪ.

“ಕಾಣತದ. ಆದ್ರ ಇದರಾಗ ಆ ಗಿಡದ ಹಾಲು ಇಲ್ಲ. ನನ್ನ ಮಾತು ನಂಬಬ್ಯಾಡ್ರಿ. ಮೊದಲ ಆ ಅಲರ್ಜಿ ಡಾಕ್ಟರ್ ಕಡೆ ಹೋಗೂಣು. ಅವರು ನೋಡಿ ಹ್ಞೂಂ ಅಂದ್ರಷ್ಟ ಹಲ್ಲಿಗೆ ಕೈ ಹಚ್ಚತೇನಿ. ನನ್ನ ಕಡೆ ಬ್ಯಾಡಂದ್ರ ಮತ್ತೊಬ್ಬರ ಕಡೆ ಕರಕೊಂಡು ಹೋಗ್ರಿ, ನಾನ ಫೋನ್ ಮಾಡಿ ಎಲ್ಲಾ ಹೇಳತೇನಿ. ಆದ್ರ ಆ ಹಲ್ಲು ಹಂಗ ಬಿಡಬ್ಯಾಡ್ರಿ.”

ಗಂಗವ್ವನೇ ಹೊರಗೆ ಬಂದಳು. ಗಂಡನ ಕಡೆ ನೋಡಲಿಲ್ಲ. “ನಾ ಬರತೇನ್ರಿ. ಅವತ್ತು ಮೋಟಾರಿನ್ಯಾಗ ಇವರು ನನ್ನ ತಲಿ ತೊಡಿಮ್ಯಾಲ ಇಟಗೊಂಡಿದ್ರು. ನನಗ ನೆನಪೈತಿ,” ಎಂದಳು.

ಅವಳು ಬಂದಳು. ಅಲರ್ಜಿಯ ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ, ಸೋಮವಾರ ಬೆಳಗಿನ ಮೊದಲ ಪೇಶಂಟಾಗಿ ಬಾಯಾರು ಅವಳನ್ನು ಮಲಗಿಸಿದರು. ಮೊದಲು ಅವಳ ಮುಂಗೈ ಮೇಲೆ ನೀಲಿ ಬೆರಳಿಟ್ಟು ಬಹಳ ಹೊತ್ತು ಕಾದರು. ಆಮೇಲೆ ಕೆನ್ನೆ. ಬಾಗಿಲಲ್ಲಿ ಬಸಪ್ಪ ನಿಂತಿದ್ದ. ಏನೂ ಆಗಲಿಲ್ಲ. ಕೆನ್ನೆ ಕೆಂಪಗಾಗಲಿಲ್ಲ. ಹಲ್ಲಿನ ಕೆಲಸ ಮುಗಿದ ಮೇಲೆ ಗಂಗವ್ವ ಕನ್ನಡಿಯಲ್ಲಿ ತುಟಿ ನೋಡಿಕೊಂಡು, “ಇದ್ದಂಗ ಐತ್ರಿ!” ಎಂದು ನಕ್ಕಳು. ಮುಂದಿನ ಸಲ ಬರುವಾಗ ಬಸಪ್ಪ ತನ್ನ ಅವ್ವನನ್ನೂ ಹಲ್ಲು ತೋರಿಸಲು ಕರೆದುಕೊಂಡು ಬಂದ.

ಹೋಗುವಾಗ ಬಾಯಾರು ಗಂಗವ್ವನಿಗೆ ಒಂದು ಮಾತು ಕಲಿಸಿ ಕಳಿಸಿದ್ದರು: ಎಲ್ಲಿಗೆ ಹೋದರೂ, ಯಾರಾದರೂ ಮುಟ್ಟುವ ಮೊದಲು, ‘ನನಗ ರಬ್ಬರ್ ಆಗಂಗಿಲ್ಲ’ ಅನ್ನಬೇಕು. ಕಲಿಸಿದ್ದು ವ್ಯರ್ಥವಾಗಲಿಲ್ಲ. ಹೆರಿಗೆಗೆ ಸೇರಿಸಿದಾಗ ನರ್ಸು, ‘ಹಂಗೆಲ್ಲಾ ಇರಂಗಿಲ್ಲವಾ, ಸುಮ್ಮನ ಮಲ್ಕೋ’ ಎಂದಳಂತೆ. ನೋವಿನ ನಡುವೆಯೂ ಗಂಗವ್ವ ಹಾಸಿಗೆ ಹತ್ತಲಿಲ್ಲ. ಬಸಪ್ಪ ಬಾಯಾರಿಗೆ ಫೋನು ಹಚ್ಚಿ ಆಸ್ಪತ್ರೆಯ ಡಾಕ್ಟರ ಕೈಗೆ ಕೊಟ್ಟ. ಅವರು ಬೇರೆ ಗ್ಲೌಸು ತರಿಸಿ, ಕೋಣೆ ಒರೆಸಿ, ಆಮೇಲೆ ಹೆರಿಗೆ ಮಾಡಿಸಿದರು. ಹೆಣ್ಣುಮಗು. ತಾಯಿಗೆ ಒಂದು ದದ್ದೂ ಏಳಲಿಲ್ಲ. ಸುದ್ದಿ ಬಂದಾಗ ಬಾಯಾರು ಯಾರದೋ ಬಾಯಿಯೊಳಗೆ ಕೈ ಇಟ್ಟುಕೊಂಡಿದ್ದರು. ಶಾಂತವ್ವ ಕಿವಿಯಲ್ಲಿ ಹೇಳಿದಳು. ಬಾಯಾರು ಆ ಪೇಶಂಟಿಗೇ, “ಹೆಣ್ಣು ಹುಟ್ಟೇದಂತ್ರಿ!” ಎಂದರು. ಅವನು ಏನೂ ತಿಳಿಯದೆ ‘ಹ್ಞಾ ಹ್ಞಾ’ ಎಂದ.

ಕೆಲವು ವರ್ಷ ಕಳೆದ ಮೇಲೆ ಅವರ ಬಲಗೈಗೆ ನಡುಕ ಬಂತು. ಮೊದಮೊದಲು ಬಹಳ ಸಣ್ಣದು, ಚಹಾದ ಕಪ್ಪು ತಟ್ಟೆಯ ಮೇಲೆ ಕಟಕಟ ಅನ್ನುವಷ್ಟು. ಡಾಕ್ಟರು ಔಷಧ ಕೊಟ್ಟು, ಇನ್ನೂ ಸ್ವಲ್ಪ ಕಾಲ ಕೆಲಸ ಮಾಡಬಹುದು ಎಂದಿದ್ದರು. ಬಾಯಾರು ಒಪ್ಪಲಿಲ್ಲ. ಗೊತ್ತಿದ್ದ ಪೇಶಂಟುಗಳನ್ನೆಲ್ಲ ಕರೆದು ಶುರು ಮಾಡಿದ ಕೆಲಸಗಳನ್ನು ನನ್ನ ಕೈಯಿಂದ ಪೂರ್ತಿ ಮಾಡಿಸಿ, ದವಾಖಾನೆ ಮುಚ್ಚಿದರು. ನಾನು ಧಾರವಾಡದಲ್ಲಿ ನನ್ನದೇ ಒಂದು ಕ್ಲಿನಿಕ್ಕು ತೆರೆದೆ.

ಹೋದ ವರ್ಷ ಬಾಯಾರು ಅಲ್ಲಿಗೆ ಬಂದರು, ಪೇಶಂಟಾಗಿ. ಮೇಲಿನ ದವಡೆ ಹಲ್ಲೊಂದು ಸಡಿಲಾಗಿತ್ತು. ಕರೆದುಕೊಂಡು ಬಂದ ಅವರ ಮಗಳು ಕಾರು ನಿಲ್ಲಿಸಲು ಜಾಗ ಸಿಗದೆ ಕೆಳಗೇ ಉಳಿದಳು. ಬಹಳ ಸೊರಗಿದ್ದರು. ನನ್ನ ಕುರ್ಚಿಯಲ್ಲಿ ಮಲಗಿ, ದೀಪದ ಬೆಳಕಿಗೆ ಕಣ್ಣು ಕಿರಿದಾಗಿಸಿ, ನನ್ನ ಕೈಯನ್ನೇ ನೋಡುತ್ತಿದ್ದರು.

“ಯಾವ ಸೈಜ್ ಹಾಕ್ಕೊಂಡಿ?”

“ಆರೂವರೆರೀ.”

“ದೊಡ್ಡದಾಗೇದ. ಕಿರಿಬೆರಳಿಗೆ ಸಡ್ಲ ಆಗಿಲ್ಲೇನು?”

ಸಡಿಲವಾಗಿತ್ತು. ಬದಲಿಸಿದೆ. ಆಮೇಲೆ ಅವರು ಒಳ್ಳೆಯ ಪೇಶಂಟಿನ ಹಾಗೆ ಬಾಯಿ ತೆರೆದರು. ಹಲ್ಲು ಸುಲಭವಾಗಿ ಬಂತು. ಬಾಯಿ ಮುಕ್ಕಳಿಸಿ, ಹತ್ತಿ ಕಚ್ಚಿಕೊಂಡು ಏಳಲು ನೋಡಿದರು. ಆಗಲಿಲ್ಲ. ನಾನು ಕೈ ಚಾಚಿದೆ.

ಹತ್ತಿ ಕಚ್ಚಿದ ಬಾಯಿಂದಲೇ, “ಗ್ಲೌಸ್ ತಗದು ಕೈ ತೊಳಕೋ ಮೊದಲ,” ಎಂದರು.

ಪೇಶಂಟಿನ ಬಾಯಿಯಿಂದ ಬಂದ ಗ್ಲೌಸಿನಿಂದ ಬೇರೆ ಏನನ್ನೂ ಮುಟ್ಟಬಾರದು. ಪಾಠ ಇನ್ನೂ ಮುಗಿದಿಲ್ಲ ಎಂದುಕೊಂಡು ನಗುತ್ತ ಹೋಗಿ ಕಳಚಿ, ತೊಳೆದು, ಒರೆಸಿಕೊಂಡು ಬಂದೆ. ಬಾಯಾರು ನನ್ನ ಕೈ ಹಿಡಿದು ಎದ್ದು ಕೂತರು. ಕೂತ ಮೇಲೆ ಬಿಡಲಿಲ್ಲ. ಎರಡೂ ಕೈಯಿಂದ ಹಿಡಿದು, ಕಣ್ಣು ಮುಚ್ಚಿ, ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಅವರ ಬಲಗೈ ನಡುಗುತ್ತಿತ್ತು. ಅಂಗೈ ಒಣಗಿ, ಬೆಚ್ಚಗಿತ್ತು.

“ನಿನ್ನ ಕೈ ಇಷ್ಟು ಮೆತ್ತಗ ಅದ ಅಂತ ನನಗ ಗೊತ್ತ ಇರಲಿಲ್ಲ ನೋಡು,” ಎಂದರು.

ನನಗೂ ಅವರ ಕೈ ಗೊತ್ತಿರಲಿಲ್ಲ. ಅಷ್ಟು ವರ್ಷ ಒಂದೇ ದೀಪದ ಕೆಳಗೆ, ಒಂದೇ ಬಾಯಿಯೊಳಗೆ ಬೆರಳಿಗೆ ಬೆರಳು ತಾಗಿಸಿ ಕೆಲಸ ಮಾಡಿದ್ದೆವು. ನಡುವೆ ಯಾವಾಗಲೂ ಗ್ಲೌಸಿನ ಎರಡು ಪದರು ಇರುತ್ತಿದ್ದವು.

ಮೆಟ್ಟಿಲಿಳಿಯುವಾಗ ಕೈ ಬಿಡಲಿಲ್ಲ. ಕಾರಿನ ಬಾಗಿಲು ಹಾಕುವಾಗ ಅವರೇ ಮೆಲ್ಲಗೆ ಬಿಡಿಸಿಕೊಂಡು, ಸಾಕು ಹೋಗು ಎನ್ನುವಂತೆ ಸನ್ನೆ ಮಾಡಿದರು. ಕಾರು ಹೋದ ಮೇಲೂ ಸ್ವಲ್ಪ ಹೊತ್ತು ರಸ್ತೆಯಲ್ಲೇ ನಿಂತಿದ್ದೆ. ಮೇಲೆ ಪೇಶಂಟು ಕಾಯುತ್ತಿದ್ದರು. ಹೋಗಿ ಕೈ ತೊಳೆದುಕೊಂಡೆ.